ಐಚ್ಛಿಕ ರಸಾಯನಶಾಸ್ತ್ರ

ಕುಷ್ಟಗಿ ಬಸ್ ನಿಲ್ದಾಣದ ಹಿಂದೆ ಒಂದು ಖಾನಾವಳಿ ಇದೆ. ಹೋದ ವಾರ ಶಾಲೆ ಮುಗಿಸಿಕೊಂಡು ಕೊಪ್ಪಳದ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಆ ಕಡೆಯಿಂದ ಗಾಳಿ ಬೀಸಿತು. ಕೆಂಡದ ಇದ್ದಿಲು, ಕಾದ ತಾಮ್ರ, ಅವೆರಡರ ಮೇಲೆ ಮೂಗಿನೊಳಗೆ ಚುರ್ ಎನ್ನಿಸುವ ನವಸಾಗರದ ಹೊಗೆ. ನಾನು ತಿರುಗಿ ನೋಡಲಿಲ್ಲ. ಯಾರೋ ಅಲ್ಲಿ ಕೂತು ಬಿರಿಯಾನಿ ದೇಗಿಗೆ ಕಲಾಯಿ ಹಾಕುತ್ತಿದ್ದಾನೆಂದು ಮೂಗಿಗೇ ಗೊತ್ತಾಯಿತು. ಬಸ್ ಬಂತು. ಕಂಡಕ್ಟರ್ "ಬರ್ರಿ ಟೀಚರ್, ಸೀಟ್ ಅದಾವ" ಎಂದು ಕರೆದ. ನಾನು ಹತ್ತಲಿಲ್ಲ. ಮುಂದಿನ ಬಸ್ ಬರುವವರೆಗೆ ಕಟ್ಟೆಯ ಮೇಲೆ ಕೂತು, ಡಿಗ್ರಿ ಮೊದಲ ವರ್ಷಕ್ಕೆ ಸೇರಿದ ಆ ಮಳೆಗಾಲವನ್ನು ನೆನೆಯುತ್ತಿದ್ದೆ.

ಕಲಾಯಿ ಎಂದರೆ ನನ್ನ ಶಾಲೆಯ ಮಕ್ಕಳಿಗೆ ಗೊತ್ತಿಲ್ಲ. ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಅಡುಗೆ ಕಿಲುಬಬಾರದೆಂದು ಒಳಗಡೆ ತವರ ಬಳಿಯುವ ಕೆಲಸ ಅದು. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ ಉಜ್ಜುತ್ತಾರೆ. ದಟ್ಟ ಬಿಳಿ ಹೊಗೆ ಏಳುತ್ತದೆ. ಆಮೇಲೆ ತವರದ ಕಡ್ಡಿ ಮುಟ್ಟಿಸಿ ಅರಿವೆಯಿಂದ ಒಂದು ಸುತ್ತು ಒರೆಸಿದರೆ ಕಪ್ಪು ಪಾತ್ರೆ ಬೆಳ್ಳಿಯಾಗುತ್ತದೆ. ನನ್ನ ಅಬ್ಬಾ ಜೀವನವಿಡೀ ಮಾಡಿದ್ದು ಇದನ್ನೇ. "ಸ್ಟೀಲ್ ಬಂದು ನನ್ನ ಅರ್ಧ ಹೊಟ್ಟಿ ತಿಂತು, ಪ್ಲಾಸ್ಟಿಕ್ ಬಂದು ಇನ್ನರ್ಧ ತಿಂತು" ಎಂದು ಅವರು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದರು. ಹೊಟ್ಟೆ ಮಾತ್ರ ಅಂಗಿಯ ಗುಂಡಿಗಳನ್ನು ಎಳೆಯುತ್ತ ಇದ್ದಲ್ಲೇ ಇತ್ತು. ಮದುವೆ ಅಡುಗೆಯವರ ದೇಗುಗಳು, ಮಠ ಗುಡಿಗಳ ಕೊಳಗಗಳು ಇನ್ನೂ ಕಲಾಯಿ ಬೇಡುತ್ತಿದ್ದವು. ಮೊಪೆಡ್ಡಿನ ಹಿಂದೆ ಬೆಂಕಿ ಊದುವ ತಿದಿ, ಇದ್ದಿಲ ಚೀಲ ಕಟ್ಟಿಕೊಂಡು ಯಲಬುರ್ಗಾ, ಇಟಗಿ, ಬೇವೂರು ಎಂದು ತಿರುಗಿ ಸಂಜೆಗೆ ಭಾಗ್ಯನಗರದ ನಮ್ಮ ಓಣಿಗೆ ಮರಳುತ್ತಿದ್ದರು.

ಮೊಪೆಡ್ಡಿನ ಸಪ್ಪಳಕ್ಕಿಂತ ಮೊದಲು ವಾಸನೆ ಬರುತ್ತದೆ ಎನ್ನುವುದು ಅಮ್ಮಿಯ ವಾದ. ನಾನು ನಗುತ್ತಿದ್ದೆ. ಆದರೆ ಅಮ್ಮಿ ಇದ್ದಕ್ಕಿದ್ದಂತೆ ಸೆರಗು ಸರಿಮಾಡಿಕೊಂಡು, ಗೋಡೆಯ ಮೊಳೆಗೆ ನೇತುಹಾಕಿದ್ದ ರೊಟ್ಟಿ ಹಂಚು ತೆಗೆದು ಒಲೆಯ ಮೇಲಿಟ್ಟು, "ಬಂದ್ರು. ಕೈ ತೊಳಕೊಳ್ಳಾಕ ಹೇಳು ಅವ್ರಿಗೆ" ಎನ್ನುತ್ತಿದ್ದಳು. ಅದಾದ ಸ್ವಲ್ಪ ಹೊತ್ತಿಗೆ ಮೊಪೆಡ್ ಓಣಿಗೆ ತಿರುಗುತ್ತಿತ್ತು. ನಾನು ಬಾಗಿಲಿಗೆ ಹೋಗಿ, "ಅಬ್ಬಾ, ಕೈ ತೊಳಕೊಳ್ಳಬೇಕಂತ" ಎಂದು ಹೇಳುತ್ತಿದ್ದೆ. ಇಷ್ಟು ಹೇಳದಿದ್ದರೆ ಆ ಮನುಷ್ಯ ಇದ್ದಿಲ ಕೈಯಲ್ಲೇ ರೊಟ್ಟಿ ಮುರಿಯುವವರೇ. ಮನೆಯಲ್ಲಿ ನಾವು ಆಡುವುದು ನಮ್ಮ ಉರ್ದು. ಓಣಿಗೆ ಇಳಿದರೆ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಮ್ಮಿಗೆ ಎರಡೂ ಒಂದೇ, ಯಾವ ಮಾತು ಎಲ್ಲಿ ಮುಗಿದು ಯಾವುದು ಶುರುವಾಯಿತೆಂದು ಅವಳಿಗೇ ತಿಳಿಯುವುದಿಲ್ಲ.

ಹತ್ತನೇ ತರಗತಿಯಲ್ಲಿದ್ದಾಗ ಒಂದು ದಿನ ಪುಸ್ತಕದಲ್ಲಿ ಓದಿ, "ಅಬ್ಬಾ, ನಿಮ್ಮ ನವಸಾಗರದ ಹೆಸರು ಅಮೋನಿಯಂ ಕ್ಲೋರೈಡ್ ಅಂತ" ಎಂದಿದ್ದೆ. ಅಷ್ಟೇ ಸಾಕಾಯಿತು. ಮರುದಿನದಿಂದ ಅವರು ಹೋದ ಊರಲ್ಲೆಲ್ಲ ಗಿರಾಕಿಗಳ ಮುಂದೆ "ನನ್ನ ಮಗಳು ಇದರ ಖರೇ ಹೆಸರು ಪತ್ತೆ ಹಚ್ಚ್ಯಾಳ್ರಿ, ಅಮೋನಿ ಕಲರ್ ಅಂತ" ಎಂದು ಸಾರಿದರು. ನಾಲ್ಕು ತಾಲೂಕಿನಲ್ಲಿ ನನ್ನ ಮಾನ ಹೋಯಿತು. ಒಂದು ಸಂಜೆ ಅಂಗಳದಲ್ಲಿ ಪಾತ್ರೆ ಉಜ್ಜುತ್ತ ಹೊಗೆಯೊಳಗಿಂದಲೇ ಕೇಳಿದರು: "ಹೆಸರೇನೋ ಹೇಳಿದಿ. ಈ ಹೊಗಿ ಯಾಕ ಬರ್ತೈತಿ ಹೇಳು ನೋಡೂಣು. ಬೆಂಕಿ ಹತ್ತಂಗಿಲ್ಲ, ಸುಟ್ಟು ಕರ್ರಗಾಗಂಗಿಲ್ಲ. ಮತ್ತ ಹೊಗಿ ಎಲ್ಲಿಂದು?" ನನಗೆ ಗೊತ್ತಿರಲಿಲ್ಲ. ಅದನ್ನೆಲ್ಲ ಡಿಗ್ರಿಯಲ್ಲಿ ಹೇಳಿಕೊಡುತ್ತಾರೆ ಎಂದು ಜಾರಿಕೊಂಡೆ. "ಹಂಗಾದ್ರ ಡಿಗ್ರಿಗೆ ಹೋಗು. ಕಲತ ಮ್ಯಾಲೆ ನನಗ ಹೇಳು" ಎಂದರು. "ಹೇಳ್ತೀನಿ ಅಬ್ಬಾ" ಎಂದೆ. ನನಗೆ ರಸಾಯನಶಾಸ್ತ್ರದ ಹುಚ್ಚು ಹಿಡಿದದ್ದು ಹಾಗೆ. ಎಂ.ಎಸ್ಸಿ. ಮಾಡಬೇಕು, ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ನಿಲ್ಲಬೇಕು ಎಂಬುದೆಲ್ಲ ಆಮೇಲೆ ಬಂದ ಆಸೆಗಳು. ಮೊದಲಿನದು ಆ ಒಂದು ಪ್ರಶ್ನೆ.

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅಬ್ಬಾ ಬೇವೂರಿಗೆ ಹೋದರು. ಮದುವೆಯ ಸುಗ್ಗಿ, ದೇಗುಗಳು ಸಾಲಾಗಿ ಕಾದಿದ್ದವು. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ತಿದಿ ಒತ್ತುತ್ತ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಊರಿನವರೇ ಟಂಟಂನಲ್ಲಿ ಮಲಗಿಸಿಕೊಂಡು ಬಂದರು. ಎದೆನೋವು ಎಂದು ಯಾರಿಗೂ ಹೇಳಿರಲಿಲ್ಲ. ಬಹುಶಃ ಅವರಿಗೂ ಗೊತ್ತಿರಲಿಲ್ಲ.

ಅಮ್ಮಿ ಅಳಲಿಲ್ಲ. ನಾನೂ ಅಳಲಿಲ್ಲ. ಬಂದ ಹೆಂಗಸರು "ಅತ್ತುಬಿಡ್ರವಾ, ಹಗುರ ಆಗ್ತೈತಿ" ಎಂದು ಬೆನ್ನು ಸವರಿದರು. ಹಲ್ಲು ಕೀಳಿಸಿಕೊಂಡ ದಿನ ನಮ್ಮ ತುಟಿ ಮುಟ್ಟಿಕೊಂಡರೆ ಬೇರೆ ಯಾರದೋ ತುಟಿ ಮುಟ್ಟಿದಂತೆ ಇರುತ್ತದಲ್ಲ, ನನ್ನ ಇಡೀ ಮೈ ಹಾಗಾಗಿತ್ತು. ಹಸಿವೆಯಾಗುತ್ತಿತ್ತು, ಉಣ್ಣುತ್ತಿದ್ದೆ. ನಿದ್ದೆ ಬರುತ್ತಿತ್ತು, ಮಲಗುತ್ತಿದ್ದೆ. ಅಷ್ಟಕ್ಕೆ ಮುಗಿಯಿತು. ಮೂರು ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಪಕ್ಕದ ಮನೆಯ ಶಂಕ್ರಪ್ಪ ಕಾಕಾನ ಹೆಂಡತಿ ಗಂಗವ್ವ ರೊಟ್ಟಿ, ಬ್ಯಾಳಿ ತಂದುಕೊಟ್ಟಳು. ಆಮೇಲೆ ಅಮ್ಮಿ ಒಲೆ ಹಚ್ಚಿದಳು, ಆದರೆ ಹಂಚು ಮೊಳೆಯಿಂದ ಕೆಳಗಿಳಿಯಲಿಲ್ಲ. ದಿನಾ ಅನ್ನ, ಸಾರು. ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಳ ಬಿದ್ದವು, ಅಮ್ಮಿ ಅದನ್ನು ಕೋಳಿಗಳಿಗೆ ಸುರಿದಳು.

ಗಂಡ ತೀರಿಕೊಂಡವಳು ಇದ್ದತ್ ಕೂರಬೇಕು. ನಾಲ್ಕು ತಿಂಗಳ ಮೇಲೆ ಒಂದಿಷ್ಟು ದಿನ ಹೊಸಿಲು ದಾಟುವಂತಿಲ್ಲ, ತೀರಾ ತಪ್ಪಿಸಲಾರದ ಕೆಲಸವಿದ್ದರೆ ಮಾತ್ರ ಬೇರೆ. ಅಮ್ಮಿ ಅದನ್ನು ಕಟ್ಟುನಿಟ್ಟಾಗಿ ಹಿಡಿದಳು. ಓಣಿಯ ತುದಿಯ ಅಂಗಡಿಗೂ ನಾನೇ ಹೋಗುತ್ತಿದ್ದೆ. ನಮ್ಮ ಕಡೆ ಮಳೆಗಾಲವೆಂದರೆ ಗಾಳಿಗಾಲ. ಮೋಡ ಬರುತ್ತವೆ, ನೋಡಿ ಮುಂದೆ ಹೋಗುತ್ತವೆ, ಗಾಳಿ ಮಾತ್ರ ಹಗಲೂ ರಾತ್ರಿ ತಗಡುಗಳನ್ನು ಬಡಿಯುತ್ತದೆ. ಆ ಸಪ್ಪಳದಲ್ಲಿ ಅಮ್ಮಿ ಒಳಗೆ ಕೂತಿರುತ್ತಿದ್ದಳು. ಅಂಗಳದ ಮೂಲೆಯಲ್ಲಿ ಮೊಪೆಡ್ ನಿಂತಿರುತ್ತಿತ್ತು.

ಪಿಯುಸಿ ಫಲಿತಾಂಶ ಬಂತು. ಡಿಗ್ರಿಗೆ ಹಚ್ಚುವುದು ಹೇಗೆ? ಅಮ್ಮಿ ಬರುವಂತಿರಲಿಲ್ಲ. ಶಂಕ್ರಪ್ಪ ಕಾಕಾ ಮುಂದೆ ಬಂದ. ಪಂಚಾಯಿತಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಓಣಿಯಲ್ಲಿ ಮೊದಲು ಬಿ.ಎ. ಮಾಡಿದವನು. ಆ ಬಿ.ಎ.ಯನ್ನು ಅವನು ಇನ್ನೂ ಹೊಸ ಧೋತರದಂತೆ ಉಡುತ್ತಿದ್ದ. "ಡಿಗ್ರಿ ಅಂದ್ರ ಏನಂತ ನನಗ ಗೊತ್ತೈತವಾ, ನೀ ಸುಮ್ನ ಬಾ" ಎಂದು ಬೈಕ್ ಮೇಲೆ ಕೂರಿಸಿಕೊಂಡು ಹೋದ.

ಆಗಷ್ಟೇ ಡಿಗ್ರಿಯ ಪದ್ಧತಿ ಬದಲಾಗಿತ್ತು. ಮೊದಲು ಬಿ.ಎಸ್ಸಿ. ಎಂದರೆ ಮೂರು ವಿಷಯ, ಮೂರೂ ಸಮ. ಹೊಸ ಪದ್ಧತಿಯಲ್ಲಿ ಎರಡೇ ಮುಖ್ಯ ವಿಷಯ. ಅರ್ಜಿಯಲ್ಲಿ ಅವುಗಳ ಕೆಳಗೆ 'ಮುಕ್ತ ಐಚ್ಛಿಕ' ಎಂದು ಇನ್ನೊಂದು ಸಾಲು. ಯಾವ ವಿದ್ಯಾರ್ಥಿ ಬೇಕಾದರೂ ರುಚಿಗೆಂದು ಒಂದಿಷ್ಟು ಕಲಿಯಲಿ ಎಂದು ಇಟ್ಟ ಹಗುರ ವಿಷಯ ಅದು. ಇದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಕಾಕಾ ಆ ಸಾಲಿನ ಮೇಲೆ ಬೆರಳಿಟ್ಟು ಖುಷಿಯಾದ. "ಇಗಾ, ಇಲ್ಲೈತಿ ನೋಡು ಐಚ್ಛಿಕ! ಐಚ್ಛಿಕ ಅಂದ್ರನ ಖರೇ ವಿಷಯ. ನಂದು ಐಚ್ಛಿಕ ಕನ್ನಡ. ಉಳಿದದ್ದೆಲ್ಲ ಪಾಸ್ ಆಗಾಕ ಅಷ್ಟ. ನಿಂಗ ಕೆಮಿಸ್ಟ್ರಿ ಮ್ಯಾಲೆ ಜೀವ ಅಲ್ಲ? ಇಲ್ಲಿ ಬರಿ ರಸಾಯನಶಾಸ್ತ್ರ. ಮ್ಯಾಲಿನ ಎರಡಕ್ಕ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಬರಿ, ಹಗುರ ಇರ್ತಾವ. ಮೂರೂ ಕೂಡಿ ಸಿಬಿಝಡ್ ಆತು. ಹಿಂದಮುಂದ ಆಗೈತಿ ಅಷ್ಟ."

ಕನ್ನಡ ಬಲ್ಲ ಯಾರಿಗಾದರೂ ಅದು ಸರಿಯೆಂದೇ ಅನ್ನಿಸಬೇಕು. ಐಚ್ಛಿಕ ಕನ್ನಡ ಓದಿದವನೇ ಕನ್ನಡ ಪಂಡಿತ ಎಂದು ಕೇಳುತ್ತ ಬೆಳೆದವರು ನಾವು. ಬೇರೆ ದಿನವಾಗಿದ್ದರೆ ನಾನು ನಾಲ್ಕು ಜನರನ್ನು ಕೇಳುತ್ತಿದ್ದೆ. ಅವತ್ತು ಕಾಕಾ ಹೇಳಿದ್ದನ್ನು ಬರೆದೆ. ಪಾಲಕರು ಎಂಬಲ್ಲಿ ಅವನೇ ದೊಡ್ಡದಾಗಿ ಸಹಿ ಹಾಕಿದ. ಬರುವಾಗ ಮಿರ್ಚಿ ಭಜಿ ಕೊಡಿಸಿದ. ಖಾರ ಹತ್ತಿತು, ಕಣ್ಣಲ್ಲಿ ನೀರು ಬಂತು. "ಅಳಬ್ಯಾಡವಾ" ಎಂದ ಪಾಪ. ನಾನು ಅಳುತ್ತಿರಲಿಲ್ಲ.

ಕಾಲೇಜು ಶುರುವಾಯಿತು. ನನ್ನ ರಸಾಯನಶಾಸ್ತ್ರದ ತರಗತಿ ನಡೆಯುತ್ತಿದ್ದುದು ದೊಡ್ಡ ಹಾಲಿನಲ್ಲಿ. ಸುತ್ತ ಕೂತವರು ಬಿ.ಎ., ಬಿ.ಕಾಂ. ಹುಡುಗ ಹುಡುಗಿಯರು. ಪಾಠ ಮಾಡುತ್ತಿದ್ದವರು ಗೀತಾ ಮೇಡಂ, ದನಿ ಸಣ್ಣದು, ನಗು ದೊಡ್ಡದು. ಸಾಬೂನಿಗೆ ನೊರೆ ಯಾಕೆ, ಹಾಲಿಗೆ ನೀರು ಬೆರೆಸಿದ್ದು ಹೇಗೆ ತಿಳಿಯುತ್ತದೆ, ಇಂಥವು. ಇದೆಲ್ಲ ಇಷ್ಟು ಸುಲಭ ಯಾಕಿದೆ ಎಂಬ ಅನುಮಾನ ಒಮ್ಮೆಯೂ ಬರಲಿಲ್ಲ. ವಾರಗಟ್ಟಲೆ ಹಾಗೇ ಕೂತೆ. ಪಕ್ಕದವಳು ಬರೆದರೆ ನಾನೂ ಬರೆಯುತ್ತಿದ್ದೆ, ಅವಳು ಆಕಳಿಸಿದರೆ ನಾನೂ ಆಕಳಿಸುತ್ತಿದ್ದೆ.

ಒಂದು ದಿನ ಮೇಡಂ ಮನೆಯಲ್ಲಿ ಸಿಗುವ ವಸ್ತುಗಳ ಹೆಸರುಗಳನ್ನು ಬೋರ್ಡಿನ ಮೇಲೆ ಬರೆದರು. ಅಡುಗೆ ಸೋಡಾ, ಪಟಕ, ಸುಣ್ಣ, ನವಸಾಗರ. ನಾನು ಎದ್ದು ನಿಂತದ್ದು ನನಗೇ ತಿಳಿಯಲಿಲ್ಲ.

"ಮೇಡಂ, ನವಸಾಗರ ಕಾಸಿದ್ರ ಹೊಗಿ ಯಾಕ ಬರ್ತೈತ್ರಿ?"

"ಛಲೋ ಪ್ರಶ್ನೆ. ಆದ್ರ ಅದು ಈ ಪೇಪರಿನ್ಯಾಗ ಬರಂಗಿಲ್ಲವಾ. ಅದನ್ನ ಲ್ಯಾಬಿನ್ಯಾಗ ಮಾಡಿ ನೋಡ್ತಾರ, ಕೆಮಿಸ್ಟ್ರಿ ಮೇಜರ್ ಇದ್ದವ್ರು."

"ನಂದೂ ಕೆಮಿಸ್ಟ್ರಿನ ಅಲ್ರಿ?"

ಹಾಲೆಲ್ಲ ನಕ್ಕಿತು. ಮೇಡಂ ನಗಲಿಲ್ಲ. ತರಗತಿ ಮುಗಿದ ಮೇಲೆ ಕರೆದು, ನನ್ನ ವಿಷಯಗಳನ್ನು ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡರು. "ಸೈನ್ಸ್ ಓದಿ ಬಂದು ಇಲ್ಲಿ ಯಾಕ ಕುಂತಿ? ಇದು ಬ್ಯಾರೆಯವರಿಗಿ ಇಟ್ಟಿದ್ದು. ಇದ್ರಾಗ ನೀ ನೂರಕ್ಕ ನೂರು ತಗೊಂಡ್ರೂ ಮುಂದ ಎಂ.ಎಸ್ಸಿ. ಕೆಮಿಸ್ಟ್ರಿಗೆ ಬಿಡಂಗಿಲ್ಲ. ಲ್ಯಾಬ್ ಬಾಗಿಲಾ ಸೈತ ದಾಟಾಂಗಿಲ್ಲ ನೀನು." ವಿಷಯ ಬದಲಿಸಲು ನಾಳೆಯೇ ಕೊನೆಯ ದಿನ ಎಂದೂ ಹೇಳಿದರು. ಆಫೀಸಿಗೆ ಅವರೇ ಕರೆದುಕೊಂಡು ಹೋದರು. ಅಲ್ಲಿಯ ಗುಮಾಸ್ತರು ಹಳೆಯ ಸಹಿ ನೋಡಿ, "ಈ ಶಂಕ್ರಪ್ಪ ಯಾರು? ನಿಮ್ಮವರಲ್ಲಲ್ಲ. ತಂದಿ ಆಗ್ಲಿ ತಾಯಿ ಆಗ್ಲಿ ಖುದ್ದ ಬಂದು ಸಹಿ ಮಾಡ್ಲಿ" ಎಂದರು.

ಮನೆಗೆ ನಡೆದುಕೊಂಡು ಬಂದೆ. ದುಃಖವಾಗಲಿಲ್ಲ, ಕಾಕಾನ ಮೇಲೆ ಸಿಟ್ಟೂ ಬರಲಿಲ್ಲ. ಕೇಳುವವರೇ ಹೋದ ಮೇಲೆ ಉತ್ತರ ಕಲಿತು ಯಾರಿಗೆ ಹೇಳುವುದು ಎಂದು ಮಾತ್ರ ಅನ್ನಿಸಿತು. ಗಿಡದ ಹೆಸರು ಓದಿದರೂ ಅಷ್ಟೇ, ಕಪ್ಪೆಯ ಹೊಟ್ಟೆ ಓದಿದರೂ ಅಷ್ಟೇ.

ಸಂಜೆ ಅನ್ನ ಕಲಸುತ್ತ ಅಮ್ಮಿಗೆ ಹೇಳಿದೆ, ಯಾರದೋ ಸುದ್ದಿ ಹೇಳುವಂತೆ.

"ಎರಡೂ ಕೆಮಿಸ್ಟ್ರಿನ ಅಲ್ಲ?" ಎಂದಳು.

"ಒಂದ್ರಾಗ ಲ್ಯಾಬ್ ಐತಿ, ಒಂದ್ರಾಗ ಇಲ್ಲ."

"ನಿನಗ ಯಾವ್ದು ಬೇಕು?"

"ಯಾವ್ದಾದ್ರೂ ಆತು."

"ಯಾವ್ದಾದ್ರೂ ಆತು ಅನ್ನಾಕ ಇದೇನು ಸಂತಿ ಕಾಯಿಪಲ್ಯೇನು?" ಅಮ್ಮಿ ತಟ್ಟೆ ಕೆಳಗಿಟ್ಟಳು. ಆ ತಿಂಗಳುಗಳಲ್ಲಿ ಅವಳ ದನಿ ಏರಿದ್ದು ಅದೊಂದೇ ಸಲ. "ಹೊಗಿ ಯಾಕ ಬರ್ತೈತಿ ಅಂತ ನಿಮ್ಮ ಅಬ್ಬಾ ಕೇಳಿದ್ರಲ್ಲ, ಅದನ್ನ ಯಾವ್ದ್ರಾಗ ಹೇಳಿಕೊಡ್ತಾರ?"

ಅವಳಿಗೆ ಅದು ನೆನಪಿದೆಯೆಂದು ನನಗೆ ಗೊತ್ತಿರಲಿಲ್ಲ. "ಲ್ಯಾಬ್ ಇದ್ದದ್ರಾಗ" ಎಂದೆ.

"ಹಂಗಾದ್ರ ಅದ."

ಗಂಗಾವತಿಯಲ್ಲಿರುವ ಅಬ್ಬಾನ ಅಣ್ಣನಿಗೆ, ನಮ್ಮ ಬಡೇ ಅಬ್ಬಾನಿಗೆ, ಫೋನು ಹಚ್ಚಿದಳು. ಒಳ್ಳೆಯ ಮನುಷ್ಯ, ಆದರೆ ಕಿವಿ ಮಂದ. ಕಾಲುವೆಗೆ ನೀರು ಬಿಟ್ಟಿದ್ದಾರೆ, ಭತ್ತದ ನಾಟಿ ನಡೆದಿದೆ, ಬಿಟ್ಟು ಬರಲಾಗದು ಎಂದ. ನಾನು ಫೋನು ಇಸಿದುಕೊಂಡು, "ಬಡೇ ಅಬ್ಬಾ, ಕೆಮಿಸ್ಟ್ರಿ ಮೇಜರ್ ಆಗ್ಬೇಕಾಗೈತಿ" ಎಂದೆ. "ಮೇಜರ್ ಆಗೀದಿ ಅಂತ ನನಗೂ ಗೊತ್ತೈತಿ ಬೇಟಾ. ನಿಮ್ಮ ಅಮ್ಮಿದು ಇದ್ದತ್ ಮುಗೀಲಿ, ಗಂಡು ನೋಡೂಣಂತ" ಎಂದ. ಅಮ್ಮಿ ಫೋನು ಕಸಿದುಕೊಂಡು ಇಟ್ಟುಬಿಟ್ಟಳು.

ಬಹಳ ಹೊತ್ತು ಹೊಸಿಲನ್ನೇ ನೋಡುತ್ತ ಕೂತಿದ್ದಳು. ಆಮೇಲೆ, "ಜೀವಕ್ಕ ಬಂದ್ರ ಆಸ್ಪತ್ರಿಗಿ ಹೋಗಾಕ ಬಿಡ್ತಾರಲ್ಲ. ಇದೂ ಹಂಗ. ನಾಳೆ ನಾ ಬರ್ತೀನಿ" ಎಂದಳು.

"ಮಂದಿ ಏನಂತಾರ ಅಮ್ಮಿ?"

"ಅಂದದ್ದನ್ನ ನಾ ಕೇಳ್ತೀನಿ. ನೀ ಲ್ಯಾಬಿಗಿ ಹೋಗು."

ಬೆಳಿಗ್ಗೆ ಶಂಕ್ರಪ್ಪ ಕಾಕಾ ಆಟೋ ತಂದು ಬಾಗಿಲಿಗೇ ಹಚ್ಚಿಸಿದ. ಸುದ್ದಿ ತಿಳಿದಾಗಿನಿಂದ ಅವನ ಮುಖ ಬಾಡಿತ್ತು. "ನನ್ನ ಐಚ್ಛಿಕ ಕನ್ನಡ ಹುಡುಗಿ ಬಾಳೇನ ಕೆಡಸ್ತಿತ್ತಲ್ಲವಾ" ಎಂದು ನಾಲ್ಕು ಸಲ ಅಂದ. ಅಮ್ಮಿ ಬುರ್ಖಾ ಹಾಕಿಕೊಂಡು ಹೊಸಿಲಿನ ಮುಂದೆ ನಿಂತಳು. ಎತ್ತಿದ ಕಾಲನ್ನು ಮತ್ತೆ ಒಳಗೇ ಇಟ್ಟಳು. ನಾನು ಹೊರಗಿನಿಂದ ಕೈ ಚಾಚಿದೆ. ಕೈ ಹಿಡಿಯದೆ, ತಾನೇ ದಾಟಿ ಬಂದು ಆಟೋದಲ್ಲಿ ಕೂತಳು. ಎದುರು ಮನೆಯ ಬಾಗಿಲಲ್ಲಿ ಹೆಂಗಸರು ಬಂದು ನಿಂತರು. "ಎಲ್ಲಿಗ್ರೀ?" ಎಂಬ ಪ್ರಶ್ನೆ ಬರುವ ಮೊದಲೇ ಕಾಕಾ "ಆಸ್ಪತ್ರಿಗಿ, ಆಸ್ಪತ್ರಿಗಿ" ಎಂದು ಕೂಗಿ ಚಾಲಕನ ಪಕ್ಕ ಹತ್ತಿದ. ಗಾಳಿ ಜೋರಾಗಿತ್ತು. ದಾರಿಯಲ್ಲಿ ಅಮ್ಮಿ ಆಟೋದ ಪರದೆಯನ್ನು ಹಿಡಿದುಕೊಂಡೇ ಕೂತಿದ್ದಳು.

ಆಫೀಸಿನಲ್ಲಿ ಗುಮಾಸ್ತರು ಮರ್ಯಾದೆಯಿಂದ ಕುರ್ಚಿ ಕೊಟ್ಟರು. ಕಾಗದ ತಿರುವುತ್ತ, ಮಾತಿಗೆ ಮಾತು ಎಂಬಂತೆ, "ಯಜಮಾನ್ರು ಬರ್ಲಿಲ್ಲೇನ್ರಿ?" ಎಂದು ಕೇಳಿದರು.

"ಅವ್ರು ಊರ ಮ್ಯಾಲೆ ಹೋಗ್ಯಾರ್ರಿ" ಎಂದಳು ಅಮ್ಮಿ.

ಅಬ್ಬಾ ಇಲ್ಲದಾಗ ಗಿರಾಕಿಗಳು ಬಂದರೆ ಅವಳು ಇಷ್ಟು ವರ್ಷ ಹೇಳುತ್ತಿದ್ದ ಮಾತು ಅದೇ. ಕಾಕಾ ನೆಲ ನೋಡಿದ. ಅಯ್ಯೋ ಪಾಪ ಎಂದು ಜನ ಅನ್ನುವುದು ಬೇಡವಾಗಿ ಹಾಗಂದಳೆಂದು ನಾನು ತಿಳಿದುಕೊಂಡೆ. ಅವಳು ನಿಧಾನಕ್ಕೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಪ್ರಾಣಿಶಾಸ್ತ್ರ ಹೋಗಿ ಆ ಜಾಗದಲ್ಲಿ ರಸಾಯನಶಾಸ್ತ್ರ ಬಂತು. ಐಚ್ಛಿಕಕ್ಕೆ ಏನು ಬೇಕು ಎಂದು ಕೇಳಿದರು. ಕಾಕಾ ಮೆಲ್ಲಗೆ, "ಕನ್ನಡ ಏನರ ಐತೇನ್ರಿ ಅದ್ರಾಗ?" ಎಂದ. ಇತ್ತು. ಅದನ್ನೇ ಬರೆಸಿದೆ. ಕಾಕಾನ ಮುಖ ಸ್ವಲ್ಪ ಅರಳಿತು.

ಗೀತಾ ಮೇಡಂ ಬಂದು, "ಬಾ, ನಿನ್ನ ಲ್ಯಾಬ್ ತೋರಿಸ್ತೀನಿ. ನೀವೂ ಬರ್ರಿ ಅಮ್ಮಾ" ಎಂದು ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಉದ್ದನೆಯ ಪಡಸಾಲೆಯ ಕೊನೆಗೆ ಲ್ಯಾಬ್. ಅಮ್ಮಿ ಬಾಗಿಲ ಹೊರಗೇ ನಿಂತಳು. ಒಳಗೆ ಹುಡುಗಿಯರು ಲವಣಗಳನ್ನು ಪರೀಕ್ಷಿಸುತ್ತಿದ್ದರು. ಮೇಡಂ ಒಂದು ಬಾಟಲಿ ತೆಗೆದು, ಚಿಟಿಕೆ ಬಿಳಿ ಪುಡಿಯನ್ನು ಗಾಜಿನ ಕೊಳವೆಗೆ ಹಾಕಿ ಬೆಂಕಿಗೆ ಹಿಡಿದರು. ಕೊಳವೆಯ ಬಾಯಿಂದ ಬಿಳಿ ಹೊಗೆ ಎದ್ದಿತು. "ನಿನ್ನೆ ಕೇಳಿದ್ದಿಯಲ್ಲ? ನೋಡು. ಬಿಸಿ ಹತ್ತಿದ ಕೂಡ್ಲೆ ಇದು ಒಡದು ಎರಡು ಗಾಳಿ ಆಗ್ತೈತಿ. ಎರಡಕ್ಕೂ ಬಣ್ಣ ಇಲ್ಲ, ಕಣ್ಣಿಗಿ ಕಾಣಂಗಿಲ್ಲ. ಮ್ಯಾಲೆ ಬಂದು ತಣ್ಣಗಾದ್ವು ಅಂದ್ರ ಮತ್ತ ಕೂಡ್ತಾವ. ಅದು ಹೊಗಿ ಅಲ್ಲ. ಅದು ನವಸಾಗರನ, ತಿರುಗಿ ಬಂದಿದ್ದು."

ಇಷ್ಟೇ ಇತ್ತು. ಇಷ್ಟು ಸಣ್ಣ ಮಾತು. ಅಂಗಳದಲ್ಲಿ ಹೊಗೆಯೊಳಗೆ ಕೂತವರಿಗೆ ಎರಡೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. "ಗೊತ್ತಾತ್ರಿ ಮೇಡಂ" ಎಂದು ಬಾಗಿಲ ಕಡೆ ತಿರುಗಿದೆ.

ಗಾಳಿ ಕಿಟಕಿಯಿಂದ ಒಳಬಂದು ಆ ವಾಸನೆಯನ್ನು ಪಡಸಾಲೆಗೆ ಒಯ್ದಿತ್ತು. ಅಮ್ಮಿ ಮುಖ ಎತ್ತಿ ನಿಂತಿದ್ದಳು. ಅವಳ ಕೈ ಬುರ್ಖಾದ ಮೇಲೆಯೇ, ಇಲ್ಲದ ಸೆರಗನ್ನು ಸರಿಮಾಡಿತು. ಎಷ್ಟೋ ತಿಂಗಳಿಂದ ನೋಡದ ಒಂದು ಗಡಿಬಿಡಿ ಅವಳ ಮುಖದ ಮೇಲೆ ಬಂತು.

"ಬಂದ್ರು" ಎಂದಳು. "ಹಂಚು ಇಡ್ತೀನಿ. ಕೈ ತೊಳಕೊಳ್ಳಾಕ ಹೇಳು ಅವ್ರಿಗೆ."

ಹೇಳಿದವಳು ಹಾಗೇ ನಿಂತುಬಿಟ್ಟಳು. ಸುತ್ತ ನೋಡಿದಳು. ಉದ್ದನೆಯ ಪಡಸಾಲೆ, ಕೋಟು ಹಾಕಿದ ಹುಡುಗಿಯರು, ನಾನು. ಕೈ ಇನ್ನೂ ಸೆರಗು ಹಿಡಿದಂತೆಯೇ ಇತ್ತು. ನನ್ನ ತುಟಿ ನಡುಗತೊಡಗಿತು. ಮುಟ್ಟಿಕೊಂಡೆ. ನನ್ನದೇ ತುಟಿ, ನೋಯುತ್ತಿತ್ತು.

"ಹೇಳ್ತೀನಿ ಅಮ್ಮಿ" ಎಂದೆ.